ಮಲಗಿದ ಹಕ್ಕಿ ಬೀಳದೇಕೆ? – ಬೊರೆಲ್ಲಿಯವರ ಕಥೆ

ಮಕ್ಕಳೇ, ಒಂದು ದಿನ ಸಂಜೆ ಕತ್ತಲಾಗುವ ಹೊತ್ತಿಗೆ ಮನೆಯ ಹತ್ತಿರದ ದೊಡ್ಡ ಮರವೊಂದರ ಕೆಳಗೆ ನಿಂತು ನೋಡಿ. ಆಲವಾಗಲಿ, ಹುಣಸೆಯಾಗಲಿ, ಯಾವುದಾದರೂ ಸರಿ. ಕಾಗೆಗಳು, ಗೊರವಂಕಗಳು ಗದ್ದಲ ಮಾಡುತ್ತಾ ಬಂದು ಸೇರುತ್ತವೆ. ಒಳ್ಳೆಯ ಜಾಗಕ್ಕಾಗಿ ಒಂದನ್ನೊಂದು ತಳ್ಳಾಡುತ್ತವೆ. ಸ್ವಲ್ಪ ಹೊತ್ತಿಗೆ ಸದ್ದೆಲ್ಲ ಅಡಗುತ್ತದೆ. ಹಕ್ಕಿಗಳು ರೆಂಬೆಯ ಮೇಲೆ ಕುಕ್ಕರಿಸಿ, ಗರಿಗಳನ್ನು ಉಬ್ಬಿಸಿಕೊಂಡು ನಿದ್ದೆ ಹೋಗುತ್ತವೆ. ರಾತ್ರಿ ಗಾಳಿ ಬೀಸಿದರೂ ಬೆಳಗಾಗುವವರೆಗೆ ಅಲ್ಲೇ ಇರುತ್ತವೆ.

ಈಗ ನಿಮ್ಮ ವಿಷಯಕ್ಕೆ ಬನ್ನಿ. ಬಸ್ಸಿನಲ್ಲಿ ಜಾಗ ಸಿಗದೆ ಕಂಬಿ ಹಿಡಿದು ನಿಂತಿದ್ದೀರಿ. ತೂಕಡಿಕೆ ಬಂತು. ಏನಾಗುತ್ತದೆ? ಮೊದಲು ಬೆರಳು ಸಡಿಲವಾಗುತ್ತದೆ, ಆಮೇಲೆ ಕೈ ಜಾರುತ್ತದೆ, ಪಕ್ಕದವರ ಮೇಲೆ ಬಿದ್ದು ಬೈಸಿಕೊಳ್ಳುತ್ತೀರಿ. ನಿದ್ದೆಯಲ್ಲಿ ನಮ್ಮ ಹಿಡಿತ ಬಿಡುತ್ತದೆ. ಹಾಗಾದರೆ ಹಕ್ಕಿಯ ಹಿಡಿತ ಬಿಡುವುದಿಲ್ಲವೇಕೆ?

ಮರದ ಮೇಲೆ ಹಕ್ಕಿ ಮಲಗುವುದನ್ನು ಜನ ಸಾವಿರಾರು ವರ್ಷಗಳಿಂದ ನೋಡುತ್ತಲೇ ಬಂದಿದ್ದಾರೆ. ಆದರೆ ಅದರ ಕಾಲನ್ನು ಹಗ್ಗ, ಸನ್ನೆ, ರಾಟೆಗಳಿಂದಾದ ಯಂತ್ರದಂತೆ ಭಾವಿಸಿ, ಗಣಿತದ ಕಣ್ಣಿನಿಂದ ನೋಡಿದವರು ಇಟಲಿಯ ಜಿಯೊವಾನಿ ಅಲ್ಫಾನ್ಸೊ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಭೌತವಿಜ್ಞಾನದ ನಿಯಮಗಳಿಂದ ವಿವರಿಸುವ ಶಾಸ್ತ್ರಕ್ಕೆ ಇಂದು ಜೈವಿಕ ಬಲವಿಜ್ಞಾನ ಎನ್ನುತ್ತಾರೆ. ಆ ಶಾಸ್ತ್ರದ ಪಿತಾಮಹ ಎಂದು ಬೊರೆಲ್ಲಿಯವರನ್ನು ನೆನೆಯುತ್ತಾರೆ. ಅಮೆರಿಕದ ಜೈವಿಕ ಬಲವಿಜ್ಞಾನ ಸಂಘವು ಕೊಡುವ ಅತಿ ದೊಡ್ಡ ಪ್ರಶಸ್ತಿ ಇವರ ಹೆಸರಿನಲ್ಲೇ ಇದೆ. ಆದರೆ ಈ ಹೆಸರು ತಂದುಕೊಟ್ಟ ಪುಸ್ತಕವನ್ನು ಅಚ್ಚಾದ ರೂಪದಲ್ಲಿ ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಬೊರೆಲ್ಲಿ ಹುಟ್ಟಿದ್ದು 1608ರಲ್ಲಿ, ದಕ್ಷಿಣ ಇಟಲಿಯ ನೇಪಲ್ಸ್ ನಗರದಲ್ಲಿ. ಆಗ ಇಟಲಿ ಎಂಬ ಒಂದೇ ದೇಶ ಇರಲಿಲ್ಲ. ಸಣ್ಣ ದೊಡ್ಡ ರಾಜ್ಯಗಳು ಹರಿದು ಹಂಚಿಹೋಗಿದ್ದವು. ನೇಪಲ್ಸ್ ಮತ್ತು ಸಿಸಿಲಿ ದ್ವೀಪ ಸ್ಪೇನ್ ದೊರೆಯ ಆಳ್ವಿಕೆಯಲ್ಲಿದ್ದವು. ಹುಡುಗನ ತಂದೆ ಅಲ್ಲಿನ ಕೋಟೆಯಲ್ಲಿದ್ದ ಸ್ಪೇನಿನ ಒಬ್ಬ ಸಾಮಾನ್ಯ ಸಿಪಾಯಿ. ತಾಯಿ ಊರಿನವರೇ. ಹುಡುಗ ದೊಡ್ಡವನಾದ ಮೇಲೆ ಇಟ್ಟುಕೊಂಡದ್ದು ತಂದೆಯ ಮನೆತನದ ಹೆಸರನ್ನಲ್ಲ, ತಾಯಿಯ ಕಡೆಯ ಹೆಸರನ್ನು.

ಯುವಕ ಬೊರೆಲ್ಲಿ ರೋಮ್ ನಗರಕ್ಕೆ ಹೋಗಿ ಗಣಿತ ಕಲಿತರು. ಗುರು ಬೆನೆಡೆಟ್ಟೊ ಕ್ಯಾಸ್ಟೆಲ್ಲಿ. ಈ ಕ್ಯಾಸ್ಟೆಲ್ಲಿಯವರ ಗುರು ಯಾರು ಗೊತ್ತೆ? ದೂರದರ್ಶಕದಿಂದ ಗುರುಗ್ರಹದ ಚಂದ್ರರನ್ನು ಕಂಡ ಗೆಲಿಲಿಯೊ! ವಾಯುಭಾರಮಾಪಕದಿಂದ ಹೆಸರಾದ ಟಾರಿಸೆಲ್ಲಿ ಕೂಡ ಅದೇ ಗುರುವಿನ ಶಿಷ್ಯ. ಉರುಳುವ ಗುಂಡು, ಬೀಳುವ ಕಲ್ಲು, ತೂಗುವ ಲೋಲಕ ಇವೆಲ್ಲವೂ ಲೆಕ್ಕಕ್ಕೆ ಸಿಗುತ್ತವೆ ಎಂದು ಗೆಲಿಲಿಯೊ ತೋರಿಸಿದ್ದರು. ಹಾಗಿದ್ದ ಮೇಲೆ ನಡೆಯುವ ಮನುಷ್ಯ, ಓಡುವ ಕುದುರೆ, ಈಜುವ ಮೀನು ಏಕೆ ಲೆಕ್ಕಕ್ಕೆ ಸಿಗಬಾರದು? ಬೊರೆಲ್ಲಿಯವರ ಜೀವಮಾನದ ಪ್ರಶ್ನೆ ಇದೇ ಆಯಿತು.

ಸಿಸಿಲಿಯ ಮೆಸ್ಸಿನಾ ಎಂಬ ರೇವು ಪಟ್ಟಣದಲ್ಲಿ ಅವರಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. 1647-48ರಲ್ಲಿ ಸಿಸಿಲಿಯಲ್ಲಿ ಭಯಂಕರವಾದ ಜ್ವರ ಹರಡಿತು. ಗ್ರಹಗಳ ಕಾಟ ಎಂದು ಕೆಲವರು, ಹವೆ ಕೆಟ್ಟಿದ್ದರಿಂದ ಎಂದು ಕೆಲವರು ಹೇಳಿದರು. ಗಣಿತದ ಮೇಷ್ಟ್ರಾದ ಬೊರೆಲ್ಲಿ ಸುಮ್ಮನಿರದೆ ಈ ಬಗ್ಗೆ 1649ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಕ್ಷತ್ರಗಳಿಗೂ ಜ್ವರಕ್ಕೂ ಸಂಬಂಧವಿಲ್ಲ, ಹೊರಗಿನಿಂದ ಏನೋ ಒಂದು ಮೈಯೊಳಗೆ ಸೇರಿ ಹೀಗಾಗುತ್ತದೆ ಎಂಬುದು ಅವರ ವಾದವಾಗಿತ್ತು. ರೋಗಾಣುಗಳ ವಿಷಯ ಯಾರಿಗೂ ತಿಳಿಯದ ಕಾಲದಲ್ಲಿ ಇದು ದೊಡ್ಡ ಮಾತು. ಮನುಷ್ಯದೇಹದ ಬಗ್ಗೆ ಅವರಿಗಿದ್ದ ಕುತೂಹಲ ಎಷ್ಟೆಂದು ಇದರಿಂದಲೇ ತಿಳಿಯುತ್ತದೆ.

1656ರಲ್ಲಿ ಬೊರೆಲ್ಲಿ ಪೀಸಾ ನಗರದ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರಾಧ್ಯಾಪಕರಾಗಿ ಬಂದರು. ವಾಲಿದ ಗೋಪುರ ಇರುವ ಊರು ಅದೇ. ಅದೇ ವರ್ಷ ಅಲ್ಲಿಗೆ ಇನ್ನೊಬ್ಬರು ಬಂದರು. ಅವರ ಹೆಸರು ಮಾರ್ಚೆಲ್ಲೊ ಮಾಲ್ಪೀಗಿ. ವೈದ್ಯ ವಿಜ್ಞಾನ ಕಲಿಸುತ್ತಿದ್ದ ಮಾಲ್ಪೀಗಿ ಬೊರೆಲ್ಲಿಗಿಂತ ಇಪ್ಪತ್ತು ವರ್ಷ ಕಿರಿಯರು. ಆದರೂ ಇಬ್ಬರಿಗೂ ಗಾಢವಾದ ಸ್ನೇಹ ಬೆಳೆಯಿತು. ಬೊರೆಲ್ಲಿಯವರ ಮನೆಯಲ್ಲೇ ಸತ್ತ ಪ್ರಾಣಿಗಳನ್ನು ಕೊಯ್ದು ಒಳಗಿನ ರಚನೆ ನೋಡುವ ಕೆಲಸ ನಡೆಯುತ್ತಿತ್ತು. ಮಾಲ್ಪೀಗಿ ಅವರಿಗೆ ಅಂಗರಚನೆ ತೋರಿಸಿದರು, ಬೊರೆಲ್ಲಿ ಅದರ ಹಿಂದಿನ ಬಲವಿಜ್ಞಾನ ಹೇಳಿದರು. 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುತ್ತಾ ಕೂದಲಿಗಿಂತ ತೆಳುವಾದ ರಕ್ತನಾಳಗಳನ್ನು ಕಂಡುಹಿಡಿದರು. ಆ ಸುದ್ದಿಯನ್ನು ಅವರು ಮೊದಲು ಬರೆದು ತಿಳಿಸಿದ್ದು ಬೊರೆಲ್ಲಿಯವರಿಗೇ. ಮುಂದೆ ಇಬ್ಬರ ನಡುವೆ ಮನಸ್ತಾಪ ಬಂದದ್ದು ಬೇಸರದ ಸಂಗತಿ. ಬೊರೆಲ್ಲಿ ಸ್ವಲ್ಪ ಮುಂಗೋಪಿ. ಅವರ ಜೊತೆ ಏಗುವುದು ಸುಲಭವಿರಲಿಲ್ಲ.

ಆ ವರ್ಷಗಳಲ್ಲಿ ಫ್ಲಾರೆನ್ಸ್ ನಗರದಲ್ಲಿ ಪ್ರಯೋಗ ಮಾಡಿ ನೋಡುವುದಕ್ಕೆಂದೇ ಒಂದು ಅಕಾಡೆಮಿ ಇತ್ತು. ಅದರ ಹೆಸರು ಚಿಮೆಂಟೊ. ಬೊರೆಲ್ಲಿ ಅದರ ಮುಖ್ಯ ಸದಸ್ಯರಲ್ಲಿ ಒಬ್ಬರು. ವಿವಿಯಾನಿ ಎಂಬ ಇನ್ನೊಬ್ಬ ಸದಸ್ಯರ ಜೊತೆ ಸೇರಿ, ದೂರದಲ್ಲಿ ಹಾರಿಸಿದ ಫಿರಂಗಿಯ ಬೆಳಕು ಕಂಡ ಮೇಲೆ ಸದ್ದು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್ ಎಂದು ಸಿಕ್ಕಿತು. ಇಂದಿನ ಅಳತೆಯಲ್ಲಿ ಅದು ಸುಮಾರು 340 ಮೀಟರ್. ಎಷ್ಟು ಹತ್ತಿರ ಬಂದಿದ್ದರು ನೋಡಿ! ಗುರುಗ್ರಹದ ಚಂದ್ರರ ಚಲನೆಯ ಬಗ್ಗೆಯೂ 1666ರಲ್ಲಿ ಪುಸ್ತಕ ಬರೆದರು. ಆದರೆ ಮನಸ್ಸಿನ ತುಂಬ ಇದ್ದದ್ದು ಪ್ರಾಣಿಗಳ ಚಲನೆಯ ಪುಸ್ತಕ. ಅದಕ್ಕಾಗಿ ವರ್ಷಗಟ್ಟಲೆ ಟಿಪ್ಪಣಿ ಬರೆಯುತ್ತಾ, ಚಿತ್ರ ಹಾಕುತ್ತಾ, ಲೆಕ್ಕ ಮಾಡುತ್ತಾ ಹೋದರು.

ಅವರ ಲೆಕ್ಕದಲ್ಲಿ ಮೊದಲು ಸಿಕ್ಕಿದ್ದು ಒಂದು ಅಚ್ಚರಿ. ದೊಡ್ಡ ಕಲ್ಲನ್ನು ಉರುಳಿಸಲು ಹಾರೆಯನ್ನು ಸನ್ನೆಯಾಗಿ ಹಾಕುವುದನ್ನು ನೀವು ನೋಡಿರಬಹುದು. ಸಣ್ಣ ಬಲದಿಂದ ದೊಡ್ಡ ಭಾರ ಏಳುತ್ತದೆ. ನಮ್ಮ ದೇಹದ ಎಲುಬುಗಳೂ ಸನ್ನೆಗಳೇ. ಆದ್ದರಿಂದ ದೇಹವೂ ಸಣ್ಣ ಬಲದಿಂದ ದೊಡ್ಡ ಭಾರ ಎತ್ತುತ್ತದೆ ಎಂದು ಹಿಂದಿನವರು ನಂಬಿದ್ದರು. ಬೊರೆಲ್ಲಿ ಲೆಕ್ಕ ಹಾಕಿದಾಗ ಉಲ್ಟಾ ಬಂತು!

ನೀವೇ ನೋಡಿ. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಸುಲಭವಾಗಿ ಸರಿಯುತ್ತದೆ. ತಿರುಗಣಿಯ ಪಕ್ಕದಲ್ಲೇ ಬೆರಳಿಟ್ಟು ತಳ್ಳಿ ನೋಡಿ, ಬೆವರು ಬರುತ್ತದೆ. ನಮ್ಮ ಸ್ನಾಯುಗಳು ಎಲುಬಿಗೆ ಅಂಟಿರುವುದು ಹೀಗೆ ತಿರುಗಣಿಯ ಪಕ್ಕದಲ್ಲೇ, ಅಂದರೆ ಕೀಲಿನ ತೀರ ಹತ್ತಿರ. ಮೊಣಕೈಯಿಂದ 4 ಸೆಂ.ಮೀ. ದೂರದಲ್ಲಿ ಸ್ನಾಯು ಎಳೆಯುತ್ತಿದೆ, 32 ಸೆಂ.ಮೀ. ದೂರದ ಅಂಗೈಯಲ್ಲಿ ಒಂದು ಕಿಲೋ ಬೆಲ್ಲ ಇದೆ ಎಂದಿಟ್ಟುಕೊಳ್ಳಿ. 32ನ್ನು 4ರಿಂದ ಭಾಗಿಸಿದರೆ 8. ಒಂದು ಕಿಲೋ ಬೆಲ್ಲ ಹಿಡಿಯಲು ಸ್ನಾಯು ಎಂಟು ಕಿಲೋ ತೂಕಕ್ಕೆ ಸಮನಾದ ಬಲ ಹಾಕಬೇಕು. ಹಾಗಾದರೆ ಇದು ನಷ್ಟದ ವ್ಯಾಪಾರವಲ್ಲವೇ? ಬಲದಲ್ಲಿ ನಷ್ಟ, ನಿಜ. ಆದರೆ ಸ್ನಾಯು ಒಂದಿಷ್ಟೇ ಮೊಟಕಾದರೂ ಕೈ ಮಾರುದೂರ ಸರಸರನೆ ಬೀಸುತ್ತದೆ. ಕಲ್ಲೆಸೆಯಲು, ಓಡಲು, ಜಿಗಿಯಲು ಅದೇ ಬೇಕು.

ಈಗ ಹಕ್ಕಿಯ ಕಾಲಿಗೆ ಬರೋಣ. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕೊಕ್ಕರೆಯನ್ನು ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಅದು ಮೊಣಕಾಲೇ ಅಲ್ಲ! ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಆ ಕೀಲು ಹಕ್ಕಿಯ ಕಾಲಗಂಟು. ಅಂದರೆ ನಮ್ಮಲ್ಲಿ ಪಾದ ಕಾಲಿಗೆ ಸೇರುವ ಜಾಗ. ನಿಜವಾದ ಮೊಣಕಾಲು ಮೇಲೆ, ಗರಿಗಳೊಳಗೆ ಅಡಗಿರುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ ಹಕ್ಕಿ ಜೀವನಪೂರ್ತಿ ತುದಿಗಾಲಲ್ಲೇ ನಡೆಯುತ್ತದೆ.

ಹಕ್ಕಿಯ ಬೆರಳುಗಳನ್ನು ಮಡಿಸುವ ಸ್ನಾಯುಗಳು ಬೆರಳಲ್ಲಿ ಇಲ್ಲ. ಅವು ಮೇಲೆ, ತೊಡೆ ಮತ್ತು ಕಾಲಿನ ದಪ್ಪ ಭಾಗದಲ್ಲಿವೆ. ಅಲ್ಲಿಂದ ಬಿಳಿಯ, ಗಟ್ಟಿಯಾದ ಹುರಿಗಳು ಇಳಿದು ಬರುತ್ತವೆ. ಇವುಗಳಿಗೆ ಸ್ನಾಯುರಜ್ಜು ಎಂದು ಹೆಸರು. ಅವು ಕಾಲಗಂಟಿನ ಹಿಂಬದಿಯಿಂದ ಹಾದು, ಬೆರಳುಗಳ ಅಡಿಯಲ್ಲಿ ಸಾಗಿ ತುದಿಗೆ ಅಂಟಿಕೊಳ್ಳುತ್ತವೆ. ಮನೆಯಲ್ಲಿ ಕೋಳಿ ಕೊಯ್ದಾಗ ಬಿಸಾಡಿದ ಕಾಲನ್ನು ಎತ್ತಿಕೊಂಡು, ಅದರ ಬಿಳಿ ಹುರಿಯನ್ನು ಎಳೆದು, ಉಗುರುಗಳು ಮಡಿಯುವುದನ್ನು ತೋರಿಸಿ ತಂಗಿಯನ್ನು ಹೆದರಿಸಿದ ಹುಡುಗರು ನಿಮ್ಮಲ್ಲೂ ಇರಬಹುದು. ಆ ಹುಡುಗರಿಗೆ ಬೊರೆಲ್ಲಿಯವರ ಮಾತು ಥಟ್ಟನೆ ಅರ್ಥವಾಗುತ್ತದೆ.

ಹಕ್ಕಿ ರೆಂಬೆಯ ಮೇಲೆ ಕುಕ್ಕರಿಸಿದಾಗ ಮೊಣಕಾಲು, ಕಾಲಗಂಟು ಎರಡೂ ಮಡಿಯುತ್ತವೆ. ಕಾಲಗಂಟು ಮಡಿದಾಗ ಅದರ ಹಿಂಬದಿಯಿಂದ ಸುತ್ತಿಕೊಂಡು ಬರುವ ಹುರಿಗೆ ದಾರಿ ಉದ್ದವಾಗುತ್ತದೆ. ಹುರಿ ರಬ್ಬರಿನಂತೆ ಉದ್ದವಾಗಿ ಹಿಗ್ಗುವುದಿಲ್ಲ. ಆದ್ದರಿಂದ ಅದು ಇನ್ನೊಂದು ತುದಿಯಲ್ಲಿರುವ ಬೆರಳುಗಳನ್ನು ಎಳೆಯುತ್ತದೆ. ಬೆರಳು ಮಡಿದು ರೆಂಬೆಯನ್ನು ಅಪ್ಪಿಕೊಳ್ಳುತ್ತದೆ. ಹಕ್ಕಿಯ ಮೈಭಾರವೇ ಕಾಲನ್ನು ಮಡಿಸುತ್ತದೆ, ಮಡಿದ ಕಾಲೇ ಬೆರಳನ್ನು ಬಿಗಿಯುತ್ತದೆ. ಹೀಗಾದ ಮೇಲೆ ಹಕ್ಕಿ ಹಾಯಾಗಿ ನಿದ್ದೆ ಮಾಡಬಹುದು. ಇದು ಬೊರೆಲ್ಲಿ ಕೊಟ್ಟ ವಿವರಣೆ.

ಇದನ್ನು ನಿಮ್ಮ ಕೈಯಲ್ಲೇ ಪರೀಕ್ಷಿಸಬಹುದು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈ ನಿಮ್ಮ ಎದುರಿನವರ ಕಡೆ ಇರುವಂತೆ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ. ಬೆರಳುಗಳನ್ನು ಪೂರ್ತಿ ಸಡಿಲ ಬಿಡಿ. ಈಗ ಮಣಿಕಟ್ಟಿನಿಂದ ಅಂಗೈ ಮುಂದಕ್ಕೆ ಜೋತುಬೀಳಲಿ. ಬೆರಳುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ. ಬೆರಳುಗಳು ತಾವಾಗಿ ಮಡಿಯುತ್ತವೆ. ನೀವು ಬೆರಳಿಗೆ ಏನೂ ಹೇಳಲಿಲ್ಲ, ಕೀಲು ಬಾಗಿದ್ದೇ ಬೆರಳನ್ನು ಎಳೆಯಿತು. ಬೆನ್ನುಹುರಿಗೆ ಪೆಟ್ಟಾಗಿ ಬೆರಳಿನ ಶಕ್ತಿ ಹೋಗಿದ್ದರೂ ಮಣಿಕಟ್ಟು ಎತ್ತಲು ಬರುವವರು ಇದೇ ಉಪಾಯದಿಂದ ಲೋಟ, ಪೆನ್ನು ಹಿಡಿಯಲು ಕಲಿಯುತ್ತಾರೆ. ವ್ಯಾಯಾಮ ಚಿಕಿತ್ಸಕರು ಅವರಿಗೆ ಅದನ್ನು ಅಭ್ಯಾಸ ಮಾಡಿಸುತ್ತಾರೆ.

ಇನ್ನು ನಿಮ್ಮ ಕಾಲು. ನಾವು ಕಾಲ್ಬೆರಳಿನಲ್ಲಿ ರೆಂಬೆ ಹಿಡಿದು ಮಲಗುವುದಿಲ್ಲ. ಆದರೆ ಕೆಸರು ಗದ್ದೆಯ ಬದುವಿನ ಮೇಲೆ ನಡೆಯುವಾಗ, ಪಾಚಿಗಟ್ಟಿದ ಕಲ್ಲಿನ ಮೇಲೆ ಹೆಜ್ಜೆ ಇಡುವಾಗ, ಮರ ಹತ್ತುವಾಗ ಕಾಲ್ಬೆರಳುಗಳು ಹೇಗೆ ಬಿಗಿಯುತ್ತವೆ ಎಂದು ಗಮನಿಸಿದ್ದೀರಾ? ಈ ಬೆರಳುಗಳನ್ನು ಮಡಿಸುವ ಸಣ್ಣ ಸ್ನಾಯುಗಳು ಅಂಗಾಲಿನಲ್ಲೇ ಇವೆ. ಆದರೆ ಉದ್ದವಾದ, ಬಲವಾದ ಎರಡು ಸ್ನಾಯುಗಳು ಇರುವುದು ಮೊಣಕಾಲಿನ ಕೆಳಗೆ, ಮೀನಖಂಡದ ಒಳಪದರದಲ್ಲಿ. ಒಂದು ಹೆಬ್ಬೆರಳಿಗೆ, ಇನ್ನೊಂದು ಉಳಿದ ನಾಲ್ಕು ಬೆರಳಿಗೆ. ಅವುಗಳ ಹುರಿಗಳು ಕಾಲಗಂಟಿನ ಒಳಬದಿಯಲ್ಲಿ, ಹಿಂದಿನಿಂದ ಸುತ್ತಿಕೊಂಡು ಅಂಗಾಲಿಗೆ ಇಳಿಯುತ್ತವೆ. ಬಾವಿಯ ಹಗ್ಗ ರಾಟೆಯ ಮೇಲೆ ಹಾದು ದಿಕ್ಕು ಬದಲಿಸುವುದಿಲ್ಲವೇ, ಹಾಗೆ.

ಒಂದು ಪ್ರಯೋಗ ಮಾಡಿ. ಬರಿಗಾಲಿನಲ್ಲಿ ಬೆಂಚಿನ ಮೇಲೆ ಕುಳಿತು, ಪಾದವನ್ನು ನೆಲಕ್ಕೆ ಸಮವಾಗಿ ಊರಿ, ಒಂದು ಟವೆಲ್ಲನ್ನು ಕಾಲ್ಬೆರಳಿನಿಂದ ಹಿಡಿಯಿರಿ. ಗೆಳೆಯ ಆ ಟವೆಲ್ಲನ್ನು ಮೆಲ್ಲಗೆ ಎಳೆಯಲಿ. ಆಮೇಲೆ ನೃತ್ಯ ಮಾಡುವವರಂತೆ ಪಾದದ ತುದಿಯನ್ನು ಪೂರ್ತಿ ಕೆಳಕ್ಕೆ ಚಾಚಿ, ಹಾಗೇ ಟವೆಲ್ ಹಿಡಿದು ನೋಡಿ. ಈ ಸಲ ಹಿಡಿತ ಸಡಿಲ, ಗೆಳೆಯ ಸುಲಭವಾಗಿ ಕಿತ್ತುಕೊಳ್ಳುತ್ತಾನೆ. ಕೆಲವರಿಗೆ ಅಂಗಾಲು ಸೆಳೆದು ನೋವಾಗುವುದೂ ಉಂಟು, ಹಾಗಾದರೆ ನಿಲ್ಲಿಸಿ.

ಹೀಗೇಕೆ? ಪಾದ ಕೆಳಕ್ಕೆ ಚಾಚಿದಾಗ ಕಾಲಗಂಟಿನ ಹಿಂದಿನ ದಾರಿ ಗಿಡ್ಡವಾಗುತ್ತದೆ, ಹುರಿ ಸಡಿಲವಾಗುತ್ತದೆ. ಸೈಕಲ್ಲಿನ ಬ್ರೇಕ್ ತಂತಿ ಸಡಿಲವಾಗಿದ್ದರೆ ಹಿಡಿಯನ್ನು ಎಷ್ಟು ಒತ್ತಿದರೂ ಗಾಲಿ ನಿಲ್ಲುವುದಿಲ್ಲ ತಾನೇ? ಇನ್ನೊಂದು ಕಾರಣವೂ ಇದೆ. ಸ್ನಾಯುವಿನೊಳಗೆ ಎರಡು ಬಗೆಯ ಸೂಕ್ಷ್ಮ ಎಳೆಗಳಿವೆ. ಒಂದರ ನಡುವೆ ಇನ್ನೊಂದು ಜಾರಿಕೊಂಡು ಒಳಗೆ ಸೇರಿದಾಗ ಸ್ನಾಯು ಮೊಟಕಾಗುತ್ತದೆ. ಇದು ತಿಳಿದದ್ದು ಬೊರೆಲ್ಲಿ ತೀರಿಕೊಂಡು ಎಷ್ಟೋ ಕಾಲದ ಮೇಲೆ, 1954ರಲ್ಲಿ. ಸ್ನಾಯು ಮೊದಲೇ ಮೊಟಕಾಗಿ ಕುಳಿತಿದ್ದರೆ ಎಳೆಗಳಿಗೆ ಇನ್ನಷ್ಟು ಜಾರಲು ಜಾಗವೇ ಇರುವುದಿಲ್ಲ. ಎಳೆಯುವ ಬಲ ಕುಗ್ಗುತ್ತದೆ. ಪಾದ ಸಮವಾಗಿದ್ದಾಗ ಅಥವಾ ಬೆರಳಿನ ಕಡೆ ತುಸು ಮೇಲಕ್ಕೆ ಎತ್ತಿದಾಗ ಸ್ನಾಯು ಬೇಕಾದಷ್ಟು ಉದ್ದವಾಗಿರುತ್ತದೆ. ಆಗ ಹಿಡಿತ ಬಿಗಿ.

ಟವೆಲ್ ಹಿಡಿದಾಗ ಇನ್ನೊಂದು ಕೆಲಸ ಮಾಡಿ. ಒಂದು ಕೈಯನ್ನು ಮೀನಖಂಡದ ಮೇಲೆ, ಇನ್ನೊಂದನ್ನು ಮುಂಬದಿಯ ಎಲುಬಿನ ಪಕ್ಕದಲ್ಲಿ ಇಟ್ಟು ಮುಟ್ಟಿ ನೋಡಿ. ಎರಡೂ ಕಡೆ ಗಟ್ಟಿಯಾಗುತ್ತದೆ! ಬೆರಳು ಮಡಿಸುವ ಹುರಿ ಕಾಲಗಂಟನ್ನೂ ತನ್ನ ಕಡೆಗೆ ಎಳೆಯುತ್ತದೆ. ಕಾಲಗಂಟು ಅಲುಗಾಡದಂತೆ ಮುಂದಿನ ಸ್ನಾಯು, ಹಿಂದಿನ ಸ್ನಾಯು ಎರಡೂ ಸೇರಿ ಅದನ್ನು ಬಿಗಿಹಿಡಿಯುತ್ತವೆ. ಐದು ಬೆರಳಿನ ಹಿಡಿತಕ್ಕೆ ಇಡೀ ಕಾಲೇ ದುಡಿಯುತ್ತದೆ. ಇದು ಆಟದ ಮಾತಲ್ಲ. ವಯಸ್ಸಾದಂತೆ ಈ ಹಿಡಿತ ಕಡಿಮೆಯಾಗುತ್ತದೆ. ಕಾಲ್ಬೆರಳು ದುರ್ಬಲವಾದ ವೃದ್ಧರು ಎಡವಿ ಬೀಳುವ ಸಂಭವ ಹೆಚ್ಚು ಎಂದು ಆಸ್ಟ್ರೇಲಿಯಾದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ನಿಮ್ಮ ಅಜ್ಜಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುವುದು ಸುಮ್ಮನೆ ಅಲ್ಲ.

ಬೊರೆಲ್ಲಿಯವರ ಕಥೆಗೆ ಮರಳೋಣ. 1667ರಲ್ಲಿ ಅವರು ಪೀಸಾ ಬಿಟ್ಟು ಮತ್ತೆ ಮೆಸ್ಸಿನಾಕ್ಕೆ ಬಂದರು. 1669ರಲ್ಲಿ ಸಿಸಿಲಿಯ ಎಟ್ನಾ ಜ್ವಾಲಾಮುಖಿ ಬಾಯಿಬಿಟ್ಟಿತು. ಲಾವಾರಸ ಹರಿದು ಹಳ್ಳಿಗಳು ನಾಶವಾದವು. ಅರವತ್ತು ಮುಟ್ಟಿದ್ದ ಬೊರೆಲ್ಲಿ ಅದನ್ನು ಅಧ್ಯಯನ ಮಾಡಿ ಮರುವರ್ಷವೇ ಪುಸ್ತಕ ತಂದರು. ಆದರೆ ಅಷ್ಟರಲ್ಲಿ ಊರಿನಲ್ಲಿ ಬೇರೆ ಬೆಂಕಿ ಹೊಗೆಯಾಡುತ್ತಿತ್ತು. ಸ್ಪೇನಿನ ಆಳ್ವಿಕೆ ಮೆಸ್ಸಿನಾದ ಜನರಿಗೆ ಸಾಕಾಗಿತ್ತು. ಸ್ಪೇನಿನ ಸಿಪಾಯಿಯ ಮಗನಾದ ಬೊರೆಲ್ಲಿ ಈಗ ಸ್ಪೇನಿನ ವಿರೋಧಿಗಳ ಗುಂಪಿನಲ್ಲಿದ್ದರು. 1672ರಲ್ಲಿ ಅಧಿಕಾರಿಗಳು ಅವರನ್ನು ರಾಜದ್ರೋಹಿ ಎಂದು ಸಾರಿದರು. ಹಿಡಿದುಕೊಟ್ಟವರಿಗೆ ಬಹುಮಾನ ಎಂದೂ ಘೋಷಣೆಯಾಯಿತು. ಬೊರೆಲ್ಲಿ ಊರು ಬಿಟ್ಟು ಓಡಬೇಕಾಯಿತು. 1674ರ ಹೊತ್ತಿಗೆ ರೋಮ್ ಸೇರಿದ್ದರು. ಕೆಲಸವಿಲ್ಲ, ಮನೆಯಿಲ್ಲ. ಪ್ರಾಣಿಗಳ ಚಲನೆಯ ಪುಸ್ತಕವನ್ನು ಮುಗಿಸಿ ಅಚ್ಚು ಹಾಕಿಸುವುದು ಇನ್ನೂ ಬಾಕಿ.

ಆಗ ರೋಮಿನಲ್ಲಿ ಕ್ರಿಸ್ಟೀನಾ ಎಂಬ ರಾಣಿ ಇದ್ದರು. ಸ್ವೀಡನ್ ದೇಶದ ಸಿಂಹಾಸನವನ್ನು 1654ರಲ್ಲಿ ತಾವಾಗಿಯೇ ಬಿಟ್ಟುಕೊಟ್ಟು ಬಂದವರು. ವಿದ್ವಾಂಸರನ್ನು ಕರೆಸಿ ಚರ್ಚೆ ಏರ್ಪಡಿಸುವುದೆಂದರೆ ಅವರಿಗೆ ಇಷ್ಟ. ಬೊರೆಲ್ಲಿಯವರಿಗೆ ಅವರ ಆಶ್ರಯ ಸಿಕ್ಕಿತು. ಆದರೆ ಮಾಜಿ ರಾಣಿಯ ಖಜಾನೆಯೂ ತುಂಬಿರಲಿಲ್ಲ. ಈ ನಡುವೆ 1677ರಲ್ಲಿ ಬೊರೆಲ್ಲಿಯವರ ಆಳು ಅವರಲ್ಲಿದ್ದ ಸ್ವತ್ತನ್ನೆಲ್ಲ ಕದ್ದುಕೊಂಡು ಹೋದ. ಎಪ್ಪತ್ತು ಸಮೀಪಿಸಿದ ಮುದುಕರು ಬರಿಗೈಯಾದರು.

ಕೊನೆಗೆ ಅವರಿಗೆ ನೆರಳು ಕೊಟ್ಟದ್ದು ಒಂದು ಶಾಲೆ! ಬಡಮಕ್ಕಳಿಗೆ ಉಚಿತವಾಗಿ ವಿದ್ಯೆ ಕಲಿಸುತ್ತಿದ್ದ ಪಾದ್ರಿಗಳ ಒಂದು ಸಂಘ ರೋಮಿನಲ್ಲಿತ್ತು. ಸ್ಯಾನ್ ಪಾಂತಾಲಿಯೊ ಎಂಬಲ್ಲಿನ ಅವರ ಮಠದಲ್ಲಿ ಬೊರೆಲ್ಲಿ ಉಳಿದುಕೊಂಡರು. ಊಟ, ವಸತಿ ಸಿಕ್ಕಿತು. ಗುರುಗ್ರಹದ ಚಂದ್ರರನ್ನು ಲೆಕ್ಕ ಹಾಕಿದ್ದ ಮಹಾ ಗಣಿತಜ್ಞರು ಅಲ್ಲಿ ಪಾಠ ಹೇಳುತ್ತಾ, ಉಳಿದ ಹೊತ್ತಿನಲ್ಲಿ ಹಸ್ತಪ್ರತಿ ತಿದ್ದುತ್ತಾ ಕಾಲ ಕಳೆದರು.

1679ರ ಕೊನೆಗೆ ಕ್ರಿಸ್ಟೀನಾ ರಾಣಿ ಮುದ್ರಣದ ಖರ್ಚನ್ನು ಕೊಡಲು ಒಪ್ಪಿದರು. ಬೊರೆಲ್ಲಿ ಕಾದಿದ್ದ ದಿನ ಬಂದಿತ್ತು. ಆದರೆ ಅದೇ ಡಿಸೆಂಬರ್‌ನಲ್ಲಿ ಅವರು ಕಾಯಿಲೆ ಬಿದ್ದರು. ವರ್ಷದ ಕೊನೆಯ ದಿನ, 1679ರ ಡಿಸೆಂಬರ್ 31ರಂದು, ತೀರಿಕೊಂಡರು. ಹಸ್ತಪ್ರತಿ ಮಠದಲ್ಲೇ ಉಳಿಯಿತು. ಅದು ಧೂಳು ಹಿಡಿದು ಹೋಗದಂತೆ ಕಾಪಾಡಿದವರು ಆ ಮಠದ ಪಾದ್ರಿಗಳು. ಮುದ್ರಣದ ಕೆಲಸವನ್ನು ಅವರೇ ನೋಡಿಕೊಂಡರು. 1680ರಲ್ಲಿ ಮೊದಲ ಭಾಗ, 1681ರಲ್ಲಿ ಎರಡನೆಯ ಭಾಗ ಹೊರಬಂದವು. ಪುಸ್ತಕ ಲ್ಯಾಟಿನ್ ಭಾಷೆಯಲ್ಲಿದೆ. ಹೆಸರಿನ ಅರ್ಥ ಪ್ರಾಣಿಗಳ ಚಲನೆಯ ಬಗ್ಗೆ ಎಂದು.

ಆ ಪುಸ್ತಕದ ಚಿತ್ರಗಳನ್ನು ಇಂದಿಗೂ ಜನ ಮೆಚ್ಚುತ್ತಾರೆ. ಬೆನ್ನ ಮೇಲೆ ಭಾರ ಹೊತ್ತು ಬಾಗಿ ನಿಂತ ಮನುಷ್ಯ, ಅವನ ಬೆನ್ನು, ಸೊಂಟ, ಕಾಲಗಂಟುಗಳಲ್ಲಿ ಹಗ್ಗದಂತೆ ಎಳೆದ ಗೆರೆಗಳು, ಪಕ್ಕದಲ್ಲಿ ಅಕ್ಷರದ ಗುರುತುಗಳು. ರೇಖಾಗಣಿತದ ಪುಸ್ತಕದೊಳಗೆ ಮನುಷ್ಯರು ನುಗ್ಗಿ ಬಂದಂತೆ ಕಾಣುತ್ತದೆ. ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ, ಹಲಗೆಯನ್ನು ಚೂಪಾದ ಅಂಚಿನ ಮೇಲೆ ತಕ್ಕಡಿಯಂತೆ ತೂಗಿಸಿ, ದೇಹದ ಗುರುತ್ವ ಕೇಂದ್ರ ಸೊಂಟದ ಹತ್ತಿರ ಇದೆ ಎಂದು ಅವರು ಕಂಡಿದ್ದರು. ಮನುಷ್ಯ ತೋಳಿಗೆ ರೆಕ್ಕೆ ಕಟ್ಟಿಕೊಂಡು ಬಡಿದು ಹಾರಬಲ್ಲನೇ ಎಂದೂ ಯೋಚಿಸಿದ್ದರು. ಹಕ್ಕಿಯ ಎದೆಯ ಸ್ನಾಯು ಅದರ ಮೈತೂಕಕ್ಕೆ ಹೋಲಿಸಿದರೆ ಬಹಳ ದೊಡ್ಡದು, ನಮ್ಮದು ಬಹಳ ಸಣ್ಣದು, ಆದ್ದರಿಂದ ಆಗದು ಎಂದು ತೀರ್ಪು ಕೊಟ್ಟರು. ಗೋಪುರದಿಂದ ಜಿಗಿದು ಕೈಕಾಲು ಮುರಿದುಕೊಳ್ಳುವವರಿಗೆ ಇದು ಒಳ್ಳೆಯ ಎಚ್ಚರಿಕೆಯೇ ಆಗಿತ್ತು.

ತಪ್ಪುಗಳೂ ಇವೆ. ಸ್ನಾಯು ಏಕೆ ಮೊಟಕಾಗುತ್ತದೆ ಎಂಬುದು ಅವರಿಗೆ ಸರಿಯಾಗಿ ತಿಳಿಯಲಿಲ್ಲ. ನರಗಳಿಂದ ಗಾಳಿಯಂಥದೇನೋ ಬಂದು ಸ್ನಾಯುವನ್ನು ಉಬ್ಬಿಸುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಸ್ನಾಯುವನ್ನು ನೀರಿನೊಳಗೆ ಕೊಯ್ದು ನೋಡಿದರೆ ಒಂದು ಗುಳ್ಳೆಯೂ ಮೇಲೆ ಬರುವುದಿಲ್ಲ ಎಂಬುದೇ ಅವರ ಸಾಕ್ಷಿ. ಅದು ಸರಿ. ಆದರೆ ಅದರ ಬದಲು ನರದ ರಸ ರಕ್ತಕ್ಕೆ ಬೆರೆತು ಹುದುಗು ಬಂದಂತೆ ಉಕ್ಕುತ್ತದೆ ಎಂದು ಊಹಿಸಿದರು. ಅದು ತಪ್ಪಾಯಿತು.

ಹಾಗಾದರೆ ಮಲಗಿದ ಹಕ್ಕಿಯ ವಿವರಣೆ? ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಪುಸ್ತಕದಿಂದ ಪುಸ್ತಕಕ್ಕೆ ಹಾಗೇ ನಡೆದು ಬಂತು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಇನ್ನೊಂದು ಅಂಶ ಸೇರಿತು. ಹಲವು ಹಕ್ಕಿಗಳ ಬೆರಳಿನಲ್ಲಿ ಹುರಿಯ ಮೇಲೆ ಸಣ್ಣ ಸಣ್ಣ ಗುಬುಟುಗಳಿವೆ, ಅದು ಸಾಗುವ ಕೊಳವೆಯ ಒಳಗೋಡೆಯಲ್ಲಿ ಏಣುಗಳಿವೆ. ಬೆರಳು ಬಿಗಿದಾಗ ಒಂದರಲ್ಲೊಂದು ಸಿಕ್ಕಿಕೊಂಡು ಚಿಲಕ ಹಾಕಿದಂತಾಗುತ್ತದೆ. ಎಲ್ಲವೂ ಸರಿಹೊಂದಿತು ಎಂದು ತೋರಿತು.

ಆಮೇಲೆ ಇಬ್ಬರು ವಿಜ್ಞಾನಿಗಳು ನಿಜವಾಗಿ ಮಲಗಿದ ಹಕ್ಕಿಗಳನ್ನು ಗಮನಿಸಿದರು. ಅವರು ಆರಿಸಿಕೊಂಡದ್ದು ಸ್ಟಾರ್ಲಿಂಗ್ ಎಂಬ ಹಕ್ಕಿ. ನಮ್ಮ ಗೊರವಂಕದ ಬಳಗದ್ದೇ. ಕೂರಲು ಕೊಟ್ಟದ್ದು 6 ಮಿ.ಮೀ. ದಪ್ಪದ ಕಡ್ಡಿ, ಹೆಚ್ಚುಕಡಿಮೆ ನಿಮ್ಮ ಪೆನ್ಸಿಲ್ಲಿನಷ್ಟು. ಅವರ ವರದಿ 2012ರಲ್ಲಿ ಪ್ರಕಟವಾಯಿತು. ಮಲಗಿದ ಸ್ಟಾರ್ಲಿಂಗ್‌ಗಳ ಕಾಲಗಂಟು ಬಹಳ ಮಡಿದಿರಲಿಲ್ಲ, ತುಸುವೇ ಬಾಗಿತ್ತು. ಬೆರಳಿನ ಮುಂಭಾಗ ಕಡ್ಡಿಯನ್ನು ಬಿಗಿದು ಹಿಡಿದಿರಲೂ ಇಲ್ಲ! ಹಕ್ಕಿ ತನ್ನ ಭಾರವನ್ನು ಪಾದದ ನಡುವಿನ ಮೆತ್ತೆಯ ಮೇಲೆ ಸಮವಾಗಿ ಹೊರಿಸಿ, ಕುದುರೆಯ ಮೇಲೆ ಜೀನು ಕುಳಿತಂತೆ ಕುಳಿತಿತ್ತು. ಆಗಾಗ ತೂಕ ತಪ್ಪಿದಾಗ ಮಾತ್ರ ಬೆರಳು ಮಡಿಸಿ ಸರಿಮಾಡಿಕೊಳ್ಳುತ್ತಿತ್ತು. ಬೆರಳಿನಿಂದ ಬಿಗಿಯಾಗಿ ಹಿಡಿಯುವುದು ಹಗಲಿನಲ್ಲಿ, ಎಚ್ಚರವಿದ್ದಾಗ.

ಕಾಲಗಂಟು ಪೂರ್ತಿ ಮಡಿದರೆ ಹುರಿ ಬೆರಳನ್ನು ಎಳೆಯುತ್ತದೆ ಎಂಬ ಮಾತು ಸುಳ್ಳಾಗಲಿಲ್ಲ. ಆದರೆ ಸ್ಟಾರ್ಲಿಂಗ್ ಮಲಗುವಾಗ ಕಾಲನ್ನು ಅಷ್ಟು ಮಡಿಸುವುದೇ ಇಲ್ಲ. ಅದನ್ನು ನಂಬಿಕೊಂಡೂ ಇಲ್ಲ. ದೇಹದ ಭಾರ ಪಾದದ ಮೇಲೆ ನೇರವಾಗಿ ಬಿದ್ದರೆ ಬೀಳುವುದಿಲ್ಲ ಎಂಬ ಲೆಕ್ಕದಲ್ಲಿ ಅದು ಮಲಗಿರುತ್ತದೆ. ಆ ಲೆಕ್ಕವೂ ಬೊರೆಲ್ಲಿಯವರ ಪುಸ್ತಕದಲ್ಲೇ ಇದೆ, ನಿಂತ ಮನುಷ್ಯನ ಬಗ್ಗೆ ಬರೆದ ಪುಟಗಳಲ್ಲಿ.

ಸಂಜೆ ಮರದ ಕೆಳಗೆ ಹೋದಾಗ, ಹಕ್ಕಿಯ ಕಾಲಗಂಟು ಎಷ್ಟು ಮಡಿದಿದೆ, ಬೆರಳು ರೆಂಬೆಯನ್ನು ಸುತ್ತಿದೆಯೇ, ಹೊಟ್ಟೆ ರೆಂಬೆಗೆ ತಾಗಿದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಕೋಳಿ ಇದ್ದರೆ ಇನ್ನೂ ಒಳ್ಳೆಯದು, ಅಟ್ಟಣಿಗೆಯ ಕೋಲಿನ ಮೇಲೆ ಕುಳಿತಾಗ ಹತ್ತಿರದಿಂದ ಕಾಣುತ್ತದೆ. ಟಾರ್ಚ್ ಬೆಳಕನ್ನು ನೇರವಾಗಿ ಕಣ್ಣಿಗೆ ಬಿಡಬೇಡಿ. ಹಕ್ಕಿಗಳು ಗಾಬರಿಯಾಗಿ ಹಾರಿದರೆ ಕತ್ತಲಲ್ಲಿ ಮತ್ತೆ ರೆಂಬೆ ಹುಡುಕುವುದು ಅವಕ್ಕೆ ಕಷ್ಟ.